ಬಾರ್ಸ್ಟೋದಿಂದ ವಿಲಿಯಮ್ಸ್‌ಗೆ ಒಂದೇ ದಿನ: 28 ಅಡಿ ಆರ್‌ವಿ, ಆರು ಜನ, ಜೂನ್ ಬಿಸಿಲು

ಫ್ರೀಮಾಂಟ್_ಹಾಸನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜೂನ್ ಕೊನೇ ವಾರ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದೇವೆ. ಬಾಡಿಗೆಗೆ ಹಿಡಿದಿರೋದು 28 ಅಡಿಯ ಕ್ಲಾಸ್ ಸಿ ಆರ್‌ವಿ, ಅಂದರೆ ಹಾಸಿಗೆ, ಅಡುಗೆಮನೆ, ಶೌಚ ಎಲ್ಲ ಇರೋ ಮನೆ-ಗಾಡಿ, ಫೋರ್ಡ್ ಇ-450 ಚಾಸಿಯದು. ನಾನು, ಹೆಂಡತಿ, ಊರಿಂದ ಬಂದಿರೋ ಅತ್ತೆ-ಮಾವ, 4 ಮತ್ತು 7 ವರ್ಷದ ಇಬ್ಬರು ಮಕ್ಕಳು. ಮೊದಲ ರಾತ್ರಿ ಕ್ಯಾಲಿಫೋರ್ನಿಯಾದ ಬಾರ್ಸ್ಟೋದಲ್ಲಿ ಕರೆಂಟ್ ಇರೋ ಕ್ಯಾಂಪಿನಲ್ಲಿ ಉಳಿದು, ಮಾರನೇ ದಿನ ಐ-40 ಹೈವೇ ಹಿಡಿದು ಅರಿಜೋನಾದ ವಿಲಿಯಮ್ಸ್ ಸೇರಬೇಕು. ಮ್ಯಾಪಿನಲ್ಲಿ ಸುಮಾರು 318 ಮೈಲಿ, ನಾಲ್ಕೂಮುಕ್ಕಾಲು ಗಂಟೆ ಅಂತಿದೆ. ಆರ್‌ವಿ ಓಡಿಸೋದು ಇದೇ ಮೊದಲು. ಕೇಳಬೇಕಾದ್ದು ಇಷ್ಟು:

ಎಷ್ಟು ಹೊತ್ತಿಗೆ ಬಿಡಬೇಕು? ನಿಜವಾಗಿ ಎಷ್ಟು ಗಂಟೆ ಹಿಡಿಯುತ್ತೆ? ಪೆಟ್ರೋಲ್ ಎಲ್ಲಿ ಹಾಕಿಸೋದು? ಓಡುವಾಗ ಛಾವಣಿ ಮೇಲಿನ ಎಸಿ ಹಾಕಬಹುದಾ? ಮಕ್ಕಳ ಸೀಟು ಎಲ್ಲಿ ಕಟ್ಟೋದು? ಅತ್ತೆಗೆ ಗಾಡಿಯಲ್ಲಿ ಹೊಟ್ಟೆ ತೊಳಸುತ್ತೆ, ಅವರನ್ನ ಎಲ್ಲಿ ಕೂರಿಸಲಿ?

ಐ40_ಬಲಗಡೆ_ಲೇನ್ ಬರೆದದ್ದು:

ನಾಲ್ಕೂಮುಕ್ಕಾಲು ಗಂಟೆ ಅನ್ನೋದು ಕಾರಿನ ಲೆಕ್ಕ, ಅದನ್ನ ಮರೆತುಬಿಡಿ. ಅರಿಜೋನಾದ ಬಯಲಲ್ಲಿ ವೇಗದ ಮಿತಿ ಗಂಟೆಗೆ 75 ಮೈಲಿ ಇದ್ದರೂ ನೀವು 60-62ರಲ್ಲೇ ಹೋಗಬೇಕು. ಅದರ ಮೇಲೆ ಗಾಡಿ ಪೆಟ್ರೋಲ್ ಕುಡಿಯೋದಷ್ಟೇ ಅಲ್ಲ, ಗಾಳಿ ಹೊಡೆದಾಗ ಸರಿಮಾಡಿಕೊಳ್ಳೋಕೆ ನಿಮಗೆ ಸಮಯ ಸಿಗಲ್ಲ. ನಿಲ್ಲೋದೆಲ್ಲ ಸೇರಿಸಿ ಎಂಟು ಗಂಟೆ ಇಟ್ಟುಕೊಳ್ಳಿ.

ಈ ದಾರಿಯಲ್ಲಿ ನೋಡಬೇಕಾದ್ದು ಮೈಲಿ ಅಲ್ಲ, ಎತ್ತರ ಮತ್ತು ಬಿಸಿಲು. ಬಾರ್ಸ್ಟೋ ಸುಮಾರು 2,200 ಅಡಿ. 115ನೇ ಎಕ್ಸಿಟ್ (ಹೈವೇಯಿಂದ ಇಳಿಯೋ ದಾರಿ) ಹತ್ತಿರ ಮೌಂಟನ್ ಸ್ಪ್ರಿಂಗ್ಸ್‌ನಲ್ಲಿ 2,770 ಅಡಿಗೆ ಹತ್ತಿ, ಅಲ್ಲಿಂದ ಉದ್ದಕ್ಕೆ ಇಳಿದು ನೀಡಲ್ಸ್‌ಗೆ ಬಂದರೆ ಬರೀ 500 ಅಡಿ. ಕೊಲೊರಾಡೋ ನದಿ ದಾಟಿದ ಮೇಲೆ ಮತ್ತೆ ಏರು: ಕಿಂಗ್‌ಮನ್ 3,300, ಸೆಲಿಗ್‌ಮನ್ 5,200, ವಿಲಿಯಮ್ಸ್ 6,700ಕ್ಕಿಂತ ಸ್ವಲ್ಪ ಮೇಲೆ. ಅಂದರೆ ದಿನದ ಅತಿ ಬಿಸಿ ಜಾಗ ನಡುವೆ ಬರುತ್ತೆ, ಅದು ಮುಗಿದ ತಕ್ಷಣ ಅತಿ ದೊಡ್ಡ ಏರು ಶುರು. ಮಧ್ಯಾಹ್ನ ಎರಡಕ್ಕೆ ನೀಡಲ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ದಾಟೋದು ಜೂನ್‌ನಲ್ಲಿ ಮಾಮೂಲು. ಅಂಥ ಹೊತ್ತಲ್ಲಿ ತುಂಬಿದ ಗಾಡಿಯನ್ನ ಅಲ್ಲಿಂದ ಹತ್ತಿಸೋದು ಟೈರಿಗೂ ಇಂಜಿನ್ನಿಗೂ ಮಾಡೋ ಅನ್ಯಾಯ.

ಆದ್ದರಿಂದ ಬೆಳಗ್ಗೆ ಐದೂವರೆಗೆ ಚಕ್ರ ಉರುಳಬೇಕು. ಐದೂವರೆಗೆ ಎದ್ದು ಕಾಫಿ ಕಾಸೋದಲ್ಲ. ನಿಮ್ಮ ದಿನ ಹೀಗೆ ಬರುತ್ತೆ: ಲಡ್ಲೋ 50 ಮೈಲಿ, ಆರೂವರೆ ಒಳಗೆ. ಹತ್ತು ನಿಮಿಷ ಇಳಿದು ಟೈರು ಮುಟ್ಟಿ ನೋಡಿ. ನೀಡಲ್ಸ್ ಸುಮಾರು 142 ಮೈಲಿ, ಎಂಟೂಕಾಲರ ಹೊತ್ತಿಗೆ. ಅಲ್ಲಿ ಶೌಚಕ್ಕೆ ಬಿಟ್ಟರೆ ಬೇರೇನೂ ಬೇಡ. ಕಿಂಗ್‌ಮನ್ 205 ಮೈಲಿ, ಹತ್ತು ಗಂಟೆ. ದೊಡ್ಡ ವಿರಾಮ ಇಲ್ಲಿ: ಊಟ, ಪೆಟ್ರೋಲ್, ಮಕ್ಕಳಿಗೆ ಓಡಾಟ. ಹನ್ನೊಂದಕ್ಕೆ ಬಿಟ್ಟರೆ ಸೆಲಿಗ್‌ಮನ್‌ನಲ್ಲಿ ಒಮ್ಮೆ ನಿಂತರೂ ಒಂದೂವರೆಗೆ ವಿಲಿಯಮ್ಸ್. ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡಲ್ಲ, ಹಾಗಾಗಿ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಸಮಯವೇ ಅಲ್ಲೂ. ಚಳಿಗಾಲದಲ್ಲಿ ಹೋಗೋರು ಮಾತ್ರ ಒಂದು ಗಂಟೆ ಕಳಕೊಳ್ಳುತ್ತಾರೆ.

ಇನ್ನೊಂದು ಸಣ್ಣ ವಿಷಯ. ಹೊರಟ ಮೊದಲ ಒಂದೂವರೆ ಗಂಟೆ ಸೂರ್ಯ ನಿಮ್ಮ ಎಡಮುಂದೆ ಇರ್ತಾನೆ, ಸರಿಯಾಗಿ ಡ್ರೈವರ್ ಕಣ್ಣಿಗೆ. ಮುಂದಿನ ಗಾಜಿನ ಮೇಲೆ ಸತ್ತ ಹುಳದ ಕಲೆ ಇದ್ದರೆ ರಸ್ತೆಯೇ ಕಾಣಲ್ಲ. ಹಿಂದಿನ ಸಂಜೆಯೇ ಗಾಜು ಒಳಗೂ ಹೊರಗೂ ಒರೆಸಿಡಿ.

ಪೆಟ್ರೋಲ್: ಗ್ಯಾಲನ್‌ಗೆ 8 ಮೈಲಿ ಅಂತ ಹಿಡಿಯಿರಿ. ಈ ಚಾಸಿಗೆ ಸಾಮಾನ್ಯವಾಗಿ 55 ಗ್ಯಾಲನ್ ಟ್ಯಾಂಕ್. ಬಾರ್ಸ್ಟೋದಲ್ಲಿ ರಾತ್ರಿಯೇ ತುಂಬಿಸಿದರೆ ಕಿಂಗ್‌ಮನ್ ಮುಟ್ಟೋಕೆ 26 ಗ್ಯಾಲನ್ ಸಾಕು. ನಡುವೆ ಫೆನ್ನರ್, ನೀಡಲ್ಸ್‌ಗಳಲ್ಲಿ ದರ ನೋಡಿದರೆ ಎದೆ ಧಸಕ್ ಅನ್ನುತ್ತೆ. ನದಿ ದಾಟಿದ ಮೇಲೆ ಅರಿಜೋನಾ ದರ, ಅದು ಕಡಿಮೆ. ಆದರೆ ಅದನ್ನ ನಂಬಿಕೊಂಡು ಬಾರ್ಸ್ಟೋದಿಂದ ಅರ್ಧ ಟ್ಯಾಂಕಿನಲ್ಲಿ ಹೊರಡಬೇಡಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದರೆ ಮೇಲಿನ ಎಸಿಗೆ ಕರೆಂಟ್ ಕೊಡೋ ಜನರೇಟರ್ ತಾನಾಗಿ ನಿಲ್ಲುತ್ತೆ. ಅದರ ಕೊಳವೆಯನ್ನ ಟ್ಯಾಂಕಿನಲ್ಲಿ ಅಷ್ಟು ಮೇಲಕ್ಕೇ ಇಟ್ಟಿರ್ತಾರೆ, ಇಂಜಿನ್ನಿಗೆ ಪೆಟ್ರೋಲ್ ಉಳಿಯಲಿ ಅಂತ. ಜನರೇಟರ್ ಕೆಟ್ಟಿತು ಅಂತ ಫೋನ್ ಮಾಡೋರಲ್ಲಿ ಸುಮಾರು ಜನರ ತೊಂದರೆ ಇಷ್ಟೇ.

ಟೈರುಗಾಳಿ ಬರೆದದ್ದು:

ಮೇಲಿನವರ ವೇಳಾಪಟ್ಟಿ ಸರಿಯಾಗಿದೆ. ಲಡ್ಲೋದಲ್ಲಿ ಟೈರು ಮುಟ್ಟಿ ನೋಡಿ ಅಂದಿದ್ದಕ್ಕೆ ಮಾತ್ರ ಸ್ವಲ್ಪ ವಿವರ ಬೇಕು.

ಗಾಳಿ ನೋಡಬೇಕಾದ್ದು ಬಾರ್ಸ್ಟೋದಲ್ಲಿ, ಚಕ್ರ ಉರುಳುವ ಮೊದಲು, ಟೈರು ತಣ್ಣಗಿದ್ದಾಗ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿದೆ. ಟೈರಿನ ಮೇಲೆ ಅಚ್ಚಾಗಿರುವ 80 ಪಿಎಸ್‌ಐ ಗರಿಷ್ಠ ಮಿತಿ, ಅದು ನಿಮ್ಮ ಗಾಡಿಗೆ ಹೇಳಿದ ಅಂಕಿ ಅಲ್ಲ. ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಇರಬಹುದು. ಹಿಂದೆ ಒಂದೊಂದು ಕಡೆ ಎರಡೆರಡು ಟೈರು. ಒಳಗಿನದಕ್ಕೆ ಮಾಮೂಲಿ ಗೇಜ್ ಹೋಗಲ್ಲ. ಲಾರಿಯವರು ಬಳಸುವ, ಉದ್ದ ಕಡ್ಡಿಯ ತುದಿಯಲ್ಲಿ ಎರಡು ಬಾಯಿ ಇರುವ ಗೇಜ್ ತಗೊಳ್ಳಿ, 100 ಪಿಎಸ್‌ಐಗಿಂತ ಮೇಲೆ ಅಳೆಯುವಂಥದ್ದು. ಒಳಗಿನ ಟೈರು ಚಪ್ಪಟೆಯಾದರೆ ಹೊರಗಿನದು ಇಬ್ಬರ ಭಾರ ಹೊತ್ತು ಸುಮ್ಮನೆ ಓಡುತ್ತಿರುತ್ತೆ, ಡ್ರೈವರಿಗೆ ಗೊತ್ತೇ ಆಗಲ್ಲ. ಬಿಸಿಯೇರಿ ಅದೂ ಸಿಡಿದಾಗಲೇ ಗೊತ್ತಾಗೋದು.

ಲಡ್ಲೋದಲ್ಲಿ ಅಂಗೈ ಹತ್ತಿರ ಹಿಡಿದು ನೋಡುವುದು ಹೋಲಿಸುವುದಕ್ಕೆ. ಎಲ್ಲ ಟೈರೂ ಹೆಚ್ಚು ಕಡಿಮೆ ಒಂದೇ ಬಿಸಿ ಇರಬೇಕು. ಒಂದು ಮಾತ್ರ ಕೈ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಅದರಲ್ಲಿ ಗಾಳಿ ಕಡಿಮೆ ಇದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಓಡಿದ ಮೇಲೆ ಒತ್ತಡ ಹತ್ತು ಪಿಎಸ್‌ಐ ಏರಿದ್ದು ಕಂಡರೆ ಗಾಳಿ ಬಿಡಬೇಡಿ. ಅದು ಏರಲೇಬೇಕು. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ.

ಗಾಡಿ ಕೈಗೆ ತಗೊಳ್ಳುವಾಗಲೇ ಟೈರಿನ ಪಕ್ಕೆಯಲ್ಲಿ ಡಿಒಟಿ ಎಂದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಬೇರೆ ಗಾಡಿ ಕೇಳಿ. ಆರ್‌ವಿ ಟೈರು ಸವೆದು ಸಾಯುವುದಕ್ಕಿಂತ ನಿಂತಲ್ಲೇ ಬಿಸಿಲಿಗೆ ಒಣಗಿ ಸಾಯುವುದೇ ಹೆಚ್ಚು.

ಓಡುವಾಗ ಮುಂದಿನ ಟೈರು ಸಿಡಿದರೆ ಬ್ರೇಕ್ ತುಳಿಯಬೇಡಿ. ಕಾಲು ಆಕ್ಸಿಲರೇಟರ್ ಮೇಲೇ ಇರಲಿ, ಸ್ಟೇರಿಂಗ್ ನೇರ ಹಿಡಿಯಿರಿ. ಗಾಡಿ ನೇರವಾಗಿ ನಿಮ್ಮ ಮಾತು ಕೇಳುತ್ತಿದೆ ಅನ್ನಿಸಿದ ಮೇಲೆ ಕಾಲು ನಿಧಾನ ಎತ್ತಿ, ತಾನಾಗಿ ವೇಗ ಇಳಿಯಲು ಬಿಟ್ಟು, ಬಲಕ್ಕೆ ಹೋಗಿ. ಇದನ್ನು ಹೊರಡುವ ಮುನ್ನ ಮನಸ್ಸಿನಲ್ಲೇ ಎರಡು ಸಲ ಆಡಿ ನೋಡಿ. ಆ ಕ್ಷಣದಲ್ಲಿ ಕಾಲು ಬ್ರೇಕಿಗೇ ಓಡುತ್ತೆ.

ಭಾರದ ಲೆಕ್ಕವೂ ಇದರಲ್ಲೇ ಸೇರಿದೆ. ಈ ಚಾಸಿಯ ಒಟ್ಟು ಮಿತಿ ಸಾಮಾನ್ಯವಾಗಿ 14,500 ಪೌಂಡ್. ಜನ ಮತ್ತು ಸಾಮಾನು ಸೇರಿ ಎಷ್ಟು ಹೊರಬಹುದು ಎಂಬುದಕ್ಕೆ ಬಾಗಿಲ ಬಳಿ ಹಳದಿ ಸ್ಟಿಕರ್ ಇರುತ್ತೆ. ನೀರು ಗ್ಯಾಲನ್‌ಗೆ 8.3 ಪೌಂಡ್. 40 ಗ್ಯಾಲನ್ ತುಂಬಿದರೆ 330 ಪೌಂಡ್, ಎರಡು ಜನ ದೊಡ್ಡವರ ತೂಕ. ವಿಲಿಯಮ್ಸ್‌ನಲ್ಲಿ ನಲ್ಲಿ ಇರುವ ಜಾಗ ಹಿಡಿದಿದ್ದರೆ ಕಾಲು ಟ್ಯಾಂಕ್ ನೀರು ಸಾಕು. ಕೊಳೆನೀರಿನ ಎರಡೂ ಟ್ಯಾಂಕ್ ಬಾರ್ಸ್ಟೋದಲ್ಲೇ ಖಾಲಿ ಮಾಡಿ: ಮೊದಲು ಶೌಚದ್ದು, ಆಮೇಲೆ ಸಿಂಕಿನದು. ಸೋಪಿನ ನೀರು ಹಿಂದಿನಿಂದ ಬಂದು ಕೊಳವೆ ತೊಳೆಯುತ್ತೆ.

ಅಡುಗೆಮನೆ_ಚಕ್ರದ_ಮೇಲೆ ಬರೆದದ್ದು:

ನೀರಿನ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಜೂನ್‌ನಲ್ಲಿ ಮೊಹಾವಿ ಮರುಭೂಮಿ ದಾಟುವಾಗ, ಅದರಲ್ಲೂ ವಯಸ್ಸಾದವರು ಮತ್ತು ಮಕ್ಕಳು ಇರುವಾಗ, ಕಾಲು ಟ್ಯಾಂಕ್ ಕಡಿಮೆಯಾಯಿತು. ಗಾಡಿ ಕೆಟ್ಟು ಮೂರು ಗಂಟೆ ನಿಂತರೆ ಶೌಚಕ್ಕೆ, ಕೈಕಾಲಿಗೆ, ಒದ್ದೆ ಬಟ್ಟೆಗೆ ನೀರು ಬೇಕು. ಅರ್ಧ ಟ್ಯಾಂಕ್ ಇರಲಿ. ಕುಡಿಯೋ ನೀರು ಬೇರೆ: ತಲೆಗೆ ಒಂದು ಗ್ಯಾಲನ್, ಆರು ಗ್ಯಾಲನ್, ಕ್ಯಾನಿನಲ್ಲಿ. ಬೇಕಾದರೆ ಅಕ್ಕಿ ಮೂಟೆ ಬಿಟ್ಟು ಬನ್ನಿ.

ಎಸಿ: ಓಡುವಾಗ ಜನರೇಟರ್ ಹಾಕಿ ಮೇಲಿನ ಎಸಿ ಓಡಿಸಬಹುದು, ನಿಮ್ಮ ವಿಷಯದಲ್ಲಿ ಓಡಿಸಲೇಬೇಕು. ಡ್ಯಾಶಿನ ಎಸಿ ಮುಂದಿನ ಎರಡು ಸೀಟಿಗೆ ಮಾಡಿದ್ದು. 28 ಅಡಿ ಪೆಟ್ಟಿಗೆಯನ್ನ ಅದು ತಣ್ಣಗೆ ಮಾಡಲ್ಲ, ಹಿಂದೆ ಕೂತ ಹಿರಿಯರು ಬೆಂದುಹೋಗ್ತಾರೆ. ಜನರೇಟರ್ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಕುಡಿಯುತ್ತೆ. ಲಡ್ಲೋದಿಂದ ಕಿಂಗ್‌ಮನ್‌ವರೆಗೆ ಮೂರೂವರೆ ಗಂಟೆಗೆ ಎರಡು ಗ್ಯಾಲನ್ ಒಳಗೆ ಮುಗಿಯುತ್ತೆ. ಬಾಡಿಗೆಯವರು ಜನರೇಟರ್ ಗಂಟೆಗೆ ಇಷ್ಟು ಅಂತ ಬೇರೆ ಹಾಕ್ತಾರಾ ಕೇಳಿಕೊಳ್ಳಿ. ಜೊತೆಗೆ, ಬಾರ್ಸ್ಟೋದಲ್ಲಿ ಕ್ಯಾಂಪಿನ ಕರೆಂಟಿಗೆ ಸಿಕ್ಕಿಸಿರುವಾಗಲೇ ರಾತ್ರಿಯಿಡೀ ಎಸಿ ಹಾಕಿ ಒಳಗೋಡೆ, ಹಾಸಿಗೆ ಎಲ್ಲ ತಣ್ಣಗೆ ಮಾಡಿಟ್ಟುಕೊಳ್ಳಿ. ಡ್ರೈವರ್ ತಲೆ ಮೇಲಿರೋ ಹಾಸಿಗೆಯ ಕಿಟಕಿಗೆ ಬೆಳ್ಳಿ ಹಾಳೆ ಒತ್ತಿಡಿ. ಅರ್ಧ ಬಿಸಿಲು ಬರೋದು ಅಲ್ಲಿಂದಲೇ.

ಪೆಟ್ರೋಲ್ ಪಂಪಿಗೆ ತಿರುಗುವ ಮೊದಲೇ ಜನರೇಟರ್ ಆರಿಸಿ, ಫ್ರಿಜ್ ಕೂಡ ಆರಿಸಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಫ್ರಿಜ್ 'ಆಟೋ'ದಲ್ಲಿದ್ದರೆ ಕರೆಂಟ್ ಇಲ್ಲದಾಗ ತಾನೇ ಗ್ಯಾಸಿಗೆ ಹೋಗಿ ಬೆಂಕಿ ಹಚ್ಚಿಕೊಳ್ಳುತ್ತೆ. ಪೆಟ್ರೋಲ್ ಆವಿ ಇರೋ ಕಡೆ ಆ ಕಿಡಿ ಬೇಡ.

ಇನ್ನು ನಮ್ಮ ಅಡುಗೆ. ಫ್ರಿಜ್ಜನ್ನ ಹಿಂದಿನ ದಿನವೇ ಹಾಕಿ, ಮನೆಯಲ್ಲೇ ತಣ್ಣಗಾದ ಪದಾರ್ಥ ಇಡಿ. ಈ ಥರದ ಗ್ಯಾಸ್ ಫ್ರಿಜ್ ತಣ್ಣಗಾಗೋಕೆ ಹತ್ತು-ಹನ್ನೆರಡು ಗಂಟೆ ತಗೊಳ್ಳುತ್ತೆ. ದೋಸೆ ಹಿಟ್ಟು ತರೋರು ಡಬ್ಬಿ ಅರ್ಧಕ್ಕೆ ಮಾತ್ರ ತುಂಬಿ, ಮುಚ್ಚಳ ಬಿಗಿ ಮಾಡದೆ ಒಂದು ಪಾತ್ರೆಯೊಳಗೆ ನಿಲ್ಲಿಸಿ. ಹಿಟ್ಟು ಹುಳಿಯೋದು ಒಂದು ಕಡೆ, 6,000 ಅಡಿ ಮೇಲೆ ಗಾಳಿಯ ಒತ್ತಡ ಇಳಿಯೋದು ಇನ್ನೊಂದು ಕಡೆ. ಸೆಲಿಗ್‌ಮನ್ ದಾಟೋ ಹೊತ್ತಿಗೆ ಚಿಪ್ಸ್ ಪ್ಯಾಕೆಟ್ಟೂ ದಿಂಬಿನ ಹಾಗೆ ಉಬ್ಬಿರುತ್ತೆ. ಉಪ್ಪಿನಕಾಯಿ ಬಾಟಲಿ ಮೇಲಿನ ಕಪಾಟಿನಲ್ಲಿ ಬೇಡ. ಟವೆಲ್ ಸುತ್ತಿ ಸಿಂಕಿನೊಳಗೆ. ಕುಕ್ಕರ್, ಬಾಣಲೆ ಓವನ್ ಒಳಗೆ. ದಾರಿಗೆ ಚಪಾತಿ-ಪಲ್ಯ, ಮೊಸರನ್ನ ರಾತ್ರಿಯೇ ಮಾಡಿಟ್ಟರೆ ಕಿಂಗ್‌ಮನ್‌ನಲ್ಲಿ ಒಲೆ ಹಚ್ಚೋ ಕೆಲಸವೇ ಇಲ್ಲ.

ವಿಲಿಯಮ್ಸ್ ಕ್ಯಾಂಪಿನಲ್ಲಿ 30 ಆಂಪ್ ಕರೆಂಟ್ ಇರೋ ಜಾಗ ಸಿಕ್ಕಿದರೆ ಒಟ್ಟು 3,600 ವ್ಯಾಟ್. ಎಸಿಗೆ ಒಂದೂವರೆ ಸಾವಿರ, ಇಂಡಕ್ಷನ್ ಒಲೆಗೆ 1,800. ಅದರ ಮೇಲೆ ಮೈಕ್ರೋವೇವ್ ಒತ್ತಿದಿರೋ ಬ್ರೇಕರ್ ಬಿತ್ತು ಅಂತಲೇ ಲೆಕ್ಕ. ಕ್ಯಾಂಪಿನ ಕರೆಂಟ್ ಕಂಬದ ಬ್ರೇಕರ್ ಆರಿಸಿ, ಕೇಬಲ್ ಸಿಕ್ಕಿಸಿ, ಆಮೇಲೆ ಬ್ರೇಕರ್ ಹಾಕಿ. ಕೀಳುವಾಗಲೂ ಮೊದಲು ಬ್ರೇಕರ್.

ಇಳಿಜಾರು_2ನೇ_ಗೇರ್ ಬರೆದದ್ದು:

ಮಕ್ಕಳ ಸೀಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಈ ಪಟ್ಟಿಯಲ್ಲಿ ಅದೇ ಮುಖ್ಯ.

ಊಟದ ಮೇಜಿನ ಎರಡು ಬೆಂಚಿನಲ್ಲಿ ಮುಂದಕ್ಕೆ ಮುಖ ಮಾಡಿರುವ ಬೆಂಚಿಗೆ ಮಾತ್ರ ಮಕ್ಕಳ ಸೀಟು ಕಟ್ಟಬೇಕು. ಹಿಂದಕ್ಕೆ ಮುಖ ಇರುವ ಬೆಂಚು, ಪಕ್ಕಕ್ಕೆ ಮುಖ ಇರುವ ಸೋಫಾ ಎರಡೂ ಕೂಡದು. ಬಹಳಷ್ಟು ಆರ್‌ವಿಗಳಲ್ಲಿ ಮೇಜಿನ ಬೆಂಚಿಗೆ ಸೊಂಟದ ಬೆಲ್ಟ್ ಮಾತ್ರ ಇರುತ್ತೆ, ಭುಜದ್ದು ಇರಲ್ಲ. 4 ವರ್ಷದ ಮಗುವಿನ ಐದು ಪಟ್ಟಿಯ ಸೀಟನ್ನು ಸೊಂಟದ ಬೆಲ್ಟಿನಿಂದ ಬಿಗಿಯಬಹುದು. ಆದರೆ 7 ವರ್ಷದವರ ಬೂಸ್ಟರ್‌ಗೆ ಭುಜದ ಬೆಲ್ಟ್ ಬೇಕೇ ಬೇಕು. ಇಲ್ಲದಿದ್ದರೆ ಬೂಸ್ಟರ್ ಬಿಟ್ಟು, 65 ಪೌಂಡ್‌ವರೆಗೆ ತಾಳುವ ಐದು ಪಟ್ಟಿಯ ಸೀಟನ್ನೇ ಅವರಿಗೂ ತನ್ನಿ. ಬಾಡಿಗೆಯವರಿಗೆ ಇವತ್ತೇ ಫೋನ್ ಮಾಡಿ, ಮುಂದಕ್ಕೆ ಮುಖ ಇರುವ ಬೆಂಚಿನಲ್ಲಿ ಎಷ್ಟು ಬೆಲ್ಟ್, ಯಾವ ಬೆಲ್ಟ್ ಅಂತ ಕೇಳಿ. ಸಾಧ್ಯವಾದರೆ ಫೋಟೋ ತರಿಸಿಕೊಳ್ಳಿ. ಮೇಜಿನ ಮೇಲೆ ಓಡುವಾಗ ಏನೂ ಇರಬಾರದು. ಲ್ಯಾಪ್‌ಟಾಪ್ ಕೂಡ ಬ್ರೇಕ್ ಹಾಕಿದಾಗ ಇಟ್ಟಿಗೆಯೇ.

ಹೊಟ್ಟೆ ತೊಳಸುವವರಿಗೆ ಜಾಗ ಡ್ರೈವರ್ ಪಕ್ಕದ ಸೀಟು. ಹಿಂದಿನ ಚಕ್ರದ ಆಚೆ ಇರುವ ಮಲಗುವ ಕೋಣೆಯ ತೂಗಾಟ ದೋಣಿಗಿಂತ ಕಡೆ. ಓಡುವಾಗ ಅಲ್ಲಿ ಮಲಗುವುದು ಹೇಗೂ ಸಲ್ಲ, ಬೆಲ್ಟ್ ಇಲ್ಲ. ಅಂದರೆ ನಿಮ್ಮ ಅತ್ತೆಯವರು ಮುಂದೆ, ಮಕ್ಕಳಿಬ್ಬರು ಮುಂದಕ್ಕೆ ಮುಖದ ಬೆಂಚಿನಲ್ಲಿ, ನಿಮ್ಮ ಮನೆಯವರು ಮತ್ತು ಮಾವನವರು ಅವರ ಎದುರು. ಓಡುವ ಗಾಡಿಯಲ್ಲಿ ಶೌಚಕ್ಕೆ ಏಳುವುದಿಲ್ಲ ಎಂದು ಮಾವನವರಿಗೆ ಹಿಂದಿನ ರಾತ್ರಿಯೇ ಹೇಳಿಡಿ. ಹೇಳದಿದ್ದರೆ ಸಂಕೋಚದಿಂದ ತಡೆದುಕೊಂಡು ಕೂರುತ್ತಾರೆ, ಇಲ್ಲವೇ ತಟ್ಟನೆ ಎದ್ದು ನಡೆಯುತ್ತಾರೆ. ಒಂದೂವರೆ ಗಂಟೆಗೊಮ್ಮೆ ನೀವಾಗಿ ನಿಲ್ಲಿಸಿ.

ಈಗ ಓಡಿಸುವುದು. ಗೇರ್ ಕಡ್ಡಿಯ ತುದಿಯಲ್ಲಿ 'ಟೋ/ಹಾಲ್' ಅಂತ ಒತ್ತುವ ಗುಂಡಿ ಇದೆ, ಭಾರ ಹೊತ್ತಾಗ ಬಳಸುವುದು. ಮೌಂಟನ್ ಸ್ಪ್ರಿಂಗ್ಸ್‌ನಿಂದ ನೀಡಲ್ಸ್‌ಗೆ ಇಳಿಯುವ ಮುನ್ನ ಅದನ್ನು ಒತ್ತಿ. ಬ್ರೇಕ್ ಮುಟ್ಟಿದಾಗ ಗೇರು ತಾನಾಗಿ ಕೆಳಗಿಳಿದು ಇಂಜಿನ್ ಗಾಡಿಯನ್ನು ಹಿಡಿಯುತ್ತೆ. ಇಂಜಿನ್ ಜೋರಾಗಿ ಕೂಗುತ್ತೆ, ಕೂಗಲಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. 60ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 50ಕ್ಕೆ ತಂದು ಪೂರ್ತಿ ಬಿಡಿ, ಮತ್ತೆ 60 ಬರುವವರೆಗೆ ಮುಟ್ಟಬೇಡಿ. ನಮ್ಮ ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸುವವರು ಮಾಡುವುದೂ ಇದನ್ನೇ, ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ.

ಏರಿನಲ್ಲಿ ದೊಡ್ಡ ಪರೀಕ್ಷೆ ಆಶ್‌ಫೋರ್ಕ್‌ನಿಂದ ವಿಲಿಯಮ್ಸ್‌ಗೆ, 146ರಿಂದ 161ನೇ ಎಕ್ಸಿಟ್. ಹದಿನೈದೇ ಮೈಲಿಯಲ್ಲಿ ಒಂದೂವರೆ ಸಾವಿರ ಅಡಿಗೂ ಹೆಚ್ಚು. ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ 45ರಲ್ಲಿ ಹೋಗಿ, 4,000 ಆರ್‌ಪಿಎಂ ಕಂಡರೆ ಹೆದರಬೇಡಿ. ಬಿಸಿಯ ಮುಳ್ಳು ಮಾಮೂಲಿ ಜಾಗ ಬಿಟ್ಟು ಏರತೊಡಗಿದರೆ ಮೊದಲು ಡ್ಯಾಶಿನ ಎಸಿ ಆರಿಸಿ. ಮೇಲಿನ ಎಸಿ ಜನರೇಟರಿನದು, ಇಂಜಿನ್ನಿಗೆ ಅದರ ಹೊರೆ ಇಲ್ಲ, ಅದು ಓಡಲಿ. ಆಗಲೂ ಇಳಿಯದಿದ್ದರೆ ಹೀಟರ್ ಹಾಕಿ, ಅಗಲವಾದ ಕಡೆ ನಿಲ್ಲಿಸಿ.

ಲಾರಿ ಪಕ್ಕದಲ್ಲಿ ಹಾದುಹೋಗುವಾಗ ಅದರ ಮೂತಿಯ ಗಾಳಿ ಮೊದಲು ನಿಮ್ಮನ್ನು ಬಲಕ್ಕೆ ತಳ್ಳುತ್ತೆ, ಆಮೇಲೆ ಅದರ ಕಡೆಗೇ ಎಳೆಯುತ್ತೆ. ಮೊದಲ ತಳ್ಳಾಟಕ್ಕೆ ಸ್ಟೇರಿಂಗ್ ಎಡಕ್ಕೆ ಜೋರಾಗಿ ತಿರುಗಿಸಿದರೆ ಎರಡನೆಯದು ಅದಕ್ಕೆ ಸೇರಿ ಗಾಡಿ ಲಾರಿಯತ್ತ ನುಗ್ಗುತ್ತೆ. ಕನ್ನಡಿಯಲ್ಲಿ ಲಾರಿ ಕಂಡಾಗಲೇ ಲೇನಿನ ಬಲ ಅಂಚಿಗೆ ಒಂದಡಿ ಸರಿದು, ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದು ನೇರ ಹೋಗಿ.

ಪೆಟ್ರೋಲ್ ಬಂಕಿನಲ್ಲಿ ಬಾಲದ ಬಗ್ಗೆ ಎಚ್ಚರ. ಹಿಂದಿನ ಚಕ್ರದ ಆಚೆ ಎಂಟು-ಹತ್ತು ಅಡಿ ಪೆಟ್ಟಿಗೆ ಚಾಚಿದೆ. ಪಂಪಿನಿಂದ ಹೊರಡುವಾಗ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಎರಡು-ಮೂರು ಅಡಿ ಬೀಸುತ್ತೆ, ಎಡಗಡೆಯ ಹಳದಿ ಕಂಬಕ್ಕೆ ನೇರ. ಗಾಡಿಯ ಹಿಂಭಾಗ ಪೂರ್ತಿ ಪಂಪು ದಾಟುವವರೆಗೂ ನೇರ ಮುಂದೆ ಹೋಗಿ, ಆಮೇಲೆ ತಿರುಗಿಸಿ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಆರ್‌ವಿ ಸಾಲು ಬೇರೆ ಇದ್ದರೆ ಅದಕ್ಕೇ ಹೋಗಿ. ಹಸಿರು ಹಿಡಿಯ ಪಂಪು ಅಲ್ಲಿ ಡೀಸೆಲ್, ನಿಮ್ಮದು ಪೆಟ್ರೋಲ್ ಗಾಡಿ.

ಫ್ರೀಮಾಂಟ್_ಹಾಸನ ಮತ್ತೆ ಕೇಳಿದ್ದು:

ತುಂಬಾ ಉಪಕಾರವಾಯಿತು. ಬೆಂಚಿನ ಬೆಲ್ಟ್ ಬಗ್ಗೆ ಫೋನ್ ಮಾಡಿದೆ: ಸೊಂಟದ್ದು ಮಾತ್ರ. ದೊಡ್ಡವನಿಗೂ ಐದು ಪಟ್ಟಿಯ ಸೀಟು ತರ್ತೀವಿ. ಇನ್ನೆರಡು ಪ್ರಶ್ನೆ. ಮಾವನವರಿಗೆ ಹೆಸರುವಾಸಿ ಹಳೇ ಹೈವೇ ರೂಟ್ 66 ನೋಡೋ ಆಸೆ, ಅದರ ಮೇಲಿರೋ ಓಟ್‌ಮನ್ ಊರಿನ ದಾರಿಯಲ್ಲಿ ಹೋಗಬಹುದಾ? ಗಾಳಿ ಜೋರಿದ್ದರೆ ಯಾವಾಗ ನಿಲ್ಲಿಸಬೇಕು?

ಐ40_ಬಲಗಡೆ_ಲೇನ್ ಬರೆದದ್ದು:

ಓಟ್‌ಮನ್ ಬೇಡ. ಅಲ್ಲಿ 40 ಅಡಿ ಮೀರಿದ ಗಾಡಿಗೆ ಪ್ರವೇಶ ಇಲ್ಲ. ನಿಮ್ಮದು 28, ಕಾನೂನಿಗೆ ಅಡ್ಡಿಯಿಲ್ಲ, ಆದರೆ ಸಿಟ್‌ಗ್ರೀವ್ಸ್ ಪಾಸ್‌ನ ತಿರುವುಗಳು ಕಿರಿದು, ಅಂಚಿಗೆ ತಡೆಯೇ ಇಲ್ಲದ ಕಡೆಗಳಿವೆ. ಮೊದಲ ಸಲದವರ ಕೈಗಲ್ಲ. ಫೋನಿನ ಮ್ಯಾಪ್ ಆ ಕಡೆ ತಿರುಗಿಸಿದರೂ ಐ-40 ಬಿಡಬೇಡಿ. ಸೆಲಿಗ್‌ಮನ್‌ನಲ್ಲಿ 121ನೇ ಎಕ್ಸಿಟ್‌ನಲ್ಲಿ ಇಳಿದು ಊರೊಳಗಿನ ಹಳೇ ರೂಟ್ 66ರ ಮೇಲೇ ಹೋಗಿ, ನಿಲ್ಲಿಸಿ ನೋಡಿ, 123ರಲ್ಲಿ ಮತ್ತೆ ಹೈವೇ ಹತ್ತಿ. ರಸ್ತೆ ಅಗಲ, ಅಂಗಡಿಗಳೂ ಅಲ್ಲೇ. ಮಾವನವರಿಗೆ ಅದೇ ಚೆಂದ.

ಗಾಳಿಗೆ ರಾಷ್ಟ್ರೀಯ ಹವಾಮಾನ ಸೇವೆಯ ಪುಟ ಹಿಂದಿನ ರಾತ್ರಿ ನೋಡಿ. ಬೀಸು 30 ಮೈಲಿ ಅಂದರೆ 50-55ಕ್ಕೆ ಇಳಿಯಿರಿ. 'ವಿಂಡ್ ಅಡ್ವೈಸರಿ' ಅಂತ ಬಂದಿದ್ದರೆ, ಅಂದರೆ ಜೋರು ಗಾಳಿಯ ಸೂಚನೆ ಇದ್ದರೆ, ಕಿಂಗ್‌ಮನ್‌ನಲ್ಲೇ ಉಳಿದುಬಿಡಿ. ಹಿಂದಿನಿಂದ ಗಾಳಿ ಬಂದರೆ ಒಳ್ಳೇದೇ. ಪಕ್ಕದಿಂದ ಬಂದರೆ ಗುಡ್ಡದ ಮರೆಯಿಂದ ಬಯಲಿಗೆ ಬರೋ ಜಾಗದಲ್ಲಿ, ಸೇತುವೆ ಮೇಲೆ ಹೊಡೆತ ಜಾಸ್ತಿ. ದೂಳಿನ ಗೋಡೆ ಎದುರಾದರೆ ಅರಿಜೋನಾದವರ ಕ್ರಮ ಗೊತ್ತಿರಲಿ: ರಸ್ತೆಯಿಂದ ಆದಷ್ಟು ದೂರ ಸರಿದು ನಿಲ್ಲಿಸಿ, ಎಲ್ಲ ಲೈಟೂ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕಿನ ಮೇಲಿಂದ ಕಾಲು ತೆಗೆದು, ಬೆಲ್ಟ್ ಹಾಕಿಕೊಂಡೇ ಕೂರಿ. ಕೆಂಪು ಲೈಟು ಉರೀತಿದ್ದರೆ ಹಿಂದಿನವರು ಅದೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ.

ಅಡುಗೆಮನೆ_ಚಕ್ರದ_ಮೇಲೆ ಬರೆದದ್ದು:

ವಾಪಸ್ ಬರೋವಾಗಿನ ಒಂದು ಮಾತು. ಅರಿಜೋನಾದಿಂದ ಐ-40ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರೋವಾಗ ನೀಡಲ್ಸ್ ಹತ್ತಿರ ಕೃಷಿ ತಪಾಸಣೆ ಠಾಣೆ ಇದೆ, ಆರ್‌ವಿಯೂ ನಿಲ್ಲಿಸಬೇಕು. ಫ್ರಿಜ್ಜಿನಲ್ಲಿ ಏನಿದೆ ಅಂತ ಕೇಳ್ತಾರೆ. ನಿಂಬೆ, ಕಿತ್ತಳೆ, ಹಸಿ ಕರಿಬೇವು ಇದ್ದರೆ ತೆಗೆದಿಡಬಹುದು. ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡೋ ಸಣ್ಣ ಕೀಟ ಕರಿಬೇವಿನ ಎಲೆ ಮೇಲೂ ಬದುಕುತ್ತೆ. ಹಸಿ ಎಲೆ ಒಯ್ಯಲೇಬೇಡಿ. ಒಗ್ಗರಣೆಗೆ ಬೇಕಾದಷ್ಟನ್ನ ಮನೆಯಲ್ಲೇ ಎಣ್ಣೆಯಲ್ಲಿ ಗರಿಗರಿ ಹುರಿದು ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ.